ವಿಂಧ್ಯಾ ಕಡ ಕೇಳಿದ ಮಾತು

ಅಹಮದಾಬಾದಿನ ಚಾಂದ್‌ಖೇಡಾದ ನಮ್ಮ ಮನೆಯ ವರಾಂಡದಲ್ಲಿ ಈಗ ಮೊಮ್ಮಗನ ಸ್ಕೂಟರ್ ನಿಲ್ಲುತ್ತದೆ. ಕೆಲವು ವರ್ಷಗಳ ಹಿಂದೆ ಅದೇ ಜಾಗದಲ್ಲಿ ಮಧ್ಯಾಹ್ನದ ಹೊತ್ತು ಚಾಪೆ ಹಾಸಿ ಇಂಗ್ಲಿಷ್ ಪಾಠ ನಡೆಯುತ್ತಿತ್ತು. ಕಲಿಸುತ್ತಿದ್ದವರು ಎದುರು ಅಪಾರ್ಟ್‌ಮೆಂಟಿನ ರಮಾಮಣಿ, ಮೈಸೂರಿನವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಕಲಿಯುತ್ತಿದ್ದವರು ಸುತ್ತಮುತ್ತಲ ಹಿಂದಿ ಹೆಂಗಸರು. ರಮಾಮಣಿಯವರ ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟು ಕೆಟ್ಟಿರುತ್ತಿದ್ದದ್ದೇ ಹೆಚ್ಚು. ಹಾಗಾಗಿ ಪಾಠ ನಮ್ಮಲ್ಲಿಗೆ ಬಂತು. ನಾನು ಓದಿದ್ದು ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಯಜಮಾನರು ಹೋದ ಮೇಲೆ ಮಧ್ಯಾಹ್ನಗಳು ಬಹಳ ಉದ್ದವಾಗಿದ್ದವು. ಜಾಗ ಕೊಟ್ಟ ಮೇಲೆ ನಾನೂ ಒಂದು ಮೂಲೆಯಲ್ಲಿ ಅವರೆಕಾಳು ಸುಲಿಯುತ್ತಾ ಕುಳಿತೆ.

ವಿಂಧ್ಯಾ ಅಲ್ಲಿಗೆ ಬಂದದ್ದು ಒಂದು ಪುಸ್ತಕ ಹಿಡಿದುಕೊಂಡು. ರೈಲ್ವೆ ಸ್ಟೇಷನ್ನಿನಲ್ಲಿ ಮಾರುತ್ತಾರಲ್ಲ, ಎಡಗಡೆ ಇಂಗ್ಲಿಷ್ ನುಡಿಗಟ್ಟು, ಬಲಗಡೆ ಹಿಂದಿ ಅರ್ಥ, ಅಂಥದ್ದು. ಅರ್ಧ ಪುಸ್ತಕ ಬಾಯಿಪಾಠ ಮಾಡಿದ್ದಳು. ಚಾಪೆಯ ಮೇಲೆ ಕೂರುವ ಮೊದಲೇ ಸಂತೆಯಲ್ಲಿ ತರಕಾರಿ ಕೂಗುವವರಂತೆ ಹೇಳತೊಡಗಿದಳು. ಆಪಲ್ ಆಫ್ ದ ಐ ಅಂದರೆ ಆಂಖೋಂ ಕಾ ತಾರಾ, ನಮ್ಮ ಕಣ್ಮಣಿ; ಟೇಕ್ ಟು ಹೀಲ್ಸ್ ಅಂದರೆ ನೌ ದೋ ಗ್ಯಾರಹ್, ಓಟ ಕೀಳುವುದು. ರಮಾಮಣಿ ಕನ್ನಡಕ ತೆಗೆದು ಒರೆಸಿಕೊಂಡರು.

"ಯಾರು ಓಡಿಹೋದ್ರಮ್ಮ?" ಎಂದು ಹಿಂದಿಯಲ್ಲಿ ಕೇಳಿದರು.

"ಯಾರೂ ಇಲ್ಲ ಮೇಡಂಜೀ. ಪುಸ್ತಕದಲ್ಲಿದೆ."

"ಹಾಗಾದ್ರೆ ಅದು ಪುಸ್ತಕದ್ದು. ನಿನ್ನದಲ್ಲ."

ಅದೇ ರಮಾಮಣಿಯವರ ಕ್ರಮ. ಒಂದು ಮಾತಿನ ಅರ್ಥ ತಿಳಿದರೆ ಸಾಲದು. ಆ ಮಾತು ಹೊಂದುವಂಥದ್ದು ನಿನ್ನ ಬಾಳಿನಲ್ಲಿ ಏನು ನಡೆದಿದೆ, ಅದನ್ನು ಹೇಳಬೇಕು. ಹೇಳಿದವಳಿಗೆ ಆ ಮಾತು ಸೇರುತ್ತದೆ. ಬೇರೆಯವರಿಗೆ ಬೇಕಾದರೆ ಅವಳನ್ನು ಕೇಳಿ ಪಡೆಯಬೇಕು, ಪಕ್ಕದ ಮನೆಯಲ್ಲಿ ಸಕ್ಕರೆ ಕಡ ಕೇಳಿದ ಹಾಗೆ. ತಮಾಷೆಗೆ ಶುರುವಾದದ್ದು ಬರಬರುತ್ತಾ ನೇಮವೇ ಆಯಿತು. ರುಕ್ಮಿಣಿ ಎಂಬೊಬ್ಬಳ ಮದುವೆಯ ದಿನ ಗಂಡಿನ ಕಡೆಯ ಬ್ಯಾಂಡಿನವರೆಲ್ಲ ಜೇನುಹುಳುವಿಗೆ ಹೆದರಿ ಓಡಿಹೋಗಿದ್ದರಂತೆ. ಓಟದ ಮಾತು ಅವಳದಾಯಿತು. "ನಮ್ಮಲ್ಲಿ ಕಾಲಿಗೆ ಬುದ್ಧಿ ಹೇಳೋದು ಅಂತೀವಿ" ಎಂದು ನಾನೂ ಸೇರಿಸಿದೆ. ಗೇಟಿನಾಚೆ ಬಟ್ಟೆ ಒಣಗಿಸುತ್ತಿದ್ದ ಗುಜರಾತಿ ಮುದುಕಿ, ನಮ್ಮಲ್ಲಿ ಬಾಲ ನೆಟ್ಟಗೆ ಮಾಡಿಕೊಂಡು ಓಡುತ್ತಾರೆ ಎಂದರು. ಅವತ್ತು ನಕ್ಕಷ್ಟು ನಾನು ಯಜಮಾನರು ಹೋದ ಮೇಲೆ ನಕ್ಕಿರಲಿಲ್ಲ.

ನನಗೂ ಒಂದು ಮಾತು ಸೇರಿತು. ಕೋಲ್ಡ್ ಫೀಟ್. ವಿಂಧ್ಯಾಳ ಪುಸ್ತಕದಲ್ಲಿ ಅದಕ್ಕೆ ಹೆದರುವುದು ಎಂದಷ್ಟೇ ಇತ್ತು. ರಮಾಮಣಿ, "ಬರೀ ಹೆದರಿಕೆ ಅಲ್ಲ. ಮಾಡೇ ಮಾಡ್ತೀನಿ ಅಂತ ಹೊರಟು, ಕೊನೇ ಗಳಿಗೇಲಿ ಹಿಂದೇಟು ಹಾಕ್ತೀವಲ್ಲ, ಅದು" ಎಂದರು. ನಾನು ಸುಲಿಯುವುದನ್ನು ನಿಲ್ಲಿಸಿದೆ. ಮದುವೆಯಾಗಿ ಮೊದಲ ಸಲ ಅಹಮದಾಬಾದಿಗೆ ಬಂದಾಗ ಯಜಮಾನರು ಸಾಮಾನು ಇಳಿಸಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾರೆ, ನಾನು ಕಿಟಕಿಯ ಸರಳು ಹಿಡಿದು ಕೂತಿದ್ದೇನೆ. ಈ ರೈಲು ತಿರುಗಿ ಹೋಗುತ್ತಲ್ಲ, ಇದರಲ್ಲೇ ಹೋಗ್ತೀನಿ ಅಂದೆ. ಅವರು ಬೈಯಲಿಲ್ಲ, ಕರೆಯಲೂ ಇಲ್ಲ. ಅಷ್ಟರಲ್ಲಿ ಕೂಲಿಯವನು ನನ್ನ ಟ್ರಂಕು ತಲೆಯ ಮೇಲಿಟ್ಟುಕೊಂಡು ನಡೆದೇಬಿಟ್ಟ. ಅದರಲ್ಲಿ ನಮ್ಮಮ್ಮ ಕೊಟ್ಟ ಸೀರೆಗಳಿದ್ದವು. ಟ್ರಂಕಿನ ಹಿಂದೆ ಓಡಿದ್ದೇ ನಾನು ಈ ಊರಿಗೆ ಕಾಲಿಟ್ಟ ಬಗೆ. ಇದನ್ನು ಹೇಳಿದಾಗ ವಿಂಧ್ಯಾ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಅವಳು ನಗುವುದೇ ಹಾಗೆ.

ಅವಳದು ಉತ್ತರ ಪ್ರದೇಶದ ಮಿರ್ಜಾಪುರದ ಕಡೆಯ ಹಳ್ಳಿ. ಚಿಕ್ಕವಳಿದ್ದಾಗ ಮಗ್ಗದ ಮುಂದೆ ಕೂತು ಜಮಖಾನೆಗೆ ಗಂಟು ಹಾಕಿದ ಬೆರಳು, ಆದ್ದರಿಂದ ಏನು ಹಿಡಿದರೂ ಗಟ್ಟಿ. ಮದುವೆಯಾಗಿ ಸೂರತ್ತಿನ ಪಾಂಡೇಸರಾಕ್ಕೆ ಬಂದಳು. ಗಂಡ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿದ್ದ. ಮನೆ ಮುಂದಿನ ಚರಂಡಿ ಒಂದು ದಿನ ನೀಲಿ, ಒಂದು ದಿನ ಗುಲಾಬಿ ಹರಿಯುತ್ತಿತ್ತಂತೆ. "ಹೋಳಿ ಬೇರೆ ಆಡಬೇಕಾಗಿರ್ಲಿಲ್ಲ ಅಮ್ಮಾಜೀ" ಎನ್ನುತ್ತಿದ್ದಳು. ಆ ಮಿಲ್ಲು ಮುಚ್ಚಿ, ಗಂಡ ಟ್ಯಾಂಕರ್ ಓಡಿಸಲು ಕಲಿತು, ಇಲ್ಲಿಗೆ ಬಂದರು. ಅವನು ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆ. ಇವಳು ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ.

ತೊಂದರೆ ಇದ್ದದ್ದು ಆ ರಾತ್ರಿ ಪಾಳಿಯಲ್ಲೇ. ಮಗಳು ಪ್ರಾರ್ಥನಾಗೆ ಆಗ ಏಳು ವರ್ಷ. ಮೊದಲು ಅತ್ತೆ ಜೊತೆಯಲ್ಲಿದ್ದರು. ಊರಿನಲ್ಲಿ ಮಾವ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರು ಹೊರಟುಹೋದರು. ಮಗು ಕೆಲವು ದಿನ ನಮ್ಮಲ್ಲೇ ಮಲಗಿತು. ಆದರೆ ಅತ್ತೆ ಫೋನಿನಲ್ಲಿ ಹೇಳುವುದು ಒಂದೇ: ಎಷ್ಟು ದಿನ ಅವರಿವರ ಮನೆಯಲ್ಲಿ ಮಲಗಿಸುತ್ತೀ, ಇಲ್ಲಿಗೆ ಕಳಿಸು, ನಾನು ನೋಡಿಕೊಳ್ಳುತ್ತೇನೆ. ತಪ್ಪು ಹೇಳುವಂತಿರಲಿಲ್ಲ. ಗಂಡನೂ ಒಪ್ಪಿದ್ದ. ಬರುವ ಭಾನುವಾರ ಅವನು ಮಗುವನ್ನು ರೈಲಿನಲ್ಲಿ ಊರಿಗೆ ಬಿಟ್ಟುಬರುವುದು ಎಂದಾಯಿತು. ಅದೇ ವಾರ ಆಸ್ಪತ್ರೆಯ ಕೌಂಟರಿನಲ್ಲಿ ಹಗಲು ಕೆಲಸ ಖಾಲಿಯಾಯಿತು. ಅದು ಸಿಕ್ಕರೆ ಮಗು ಉಳಿಯುತ್ತದೆ. ಆದರೆ ಕೌಂಟರಿಗೆ ಇಂಗ್ಲಿಷ್ ಬೇಕು. ವಿಂಧ್ಯಾ ಎಂಟನೇ ಕ್ಲಾಸು. ಮ್ಯಾನೇಜರ್ ರೋಹಿತ್‌ನನ್ನು ಬೇಡಿ ಬೇಡಿ, ಒಂದು ಬೆಳಗ್ಗೆ ಕೂತು ತೋರಿಸುವುದಕ್ಕೆ ಒಪ್ಪಿಗೆ ಪಡೆದುಕೊಂಡು ಬಂದಳು.

ಮಾತುಗಳು ಅವಳಿಗೆ ಬೇಗ ಬರುತ್ತಿದ್ದವು. ಆದರೆ ಅವಳಿಗೆ ಸೇರಿದ ಮಾತು ಒಂದೂ ಇರಲಿಲ್ಲ. ಕೇಳಿದರೆ ಅತ್ತೆಯ ಕಥೆ ಹೇಳುವಳು, ಇಲ್ಲವೇ ಗಂಡನ ಟ್ಯಾಂಕರಿನ ಕಥೆ.

"ನಿನ್ನದು ಹೇಳೇ" ಎಂದರೆ, "ನನಗೇನಾಗಿದೆ ಮೇಡಂಜೀ? ಏನೂ ಆಗಿಲ್ಲ" ಎನ್ನುವಳು.

"ಏನೂ ಆಗದೆ ಇಷ್ಟು ದೊಡ್ಡೋಳಾದ್ಯಾ?"

"ಸುಮ್ನೆ ಬೆಳೆದೆ. ಬೇಲಿ ಗಿಡದ ಥರ."

ವಿಂಧ್ಯಾ ಕೌಂಟರಿನಲ್ಲಿ ಕೂತು ತೋರಿಸಬೇಕಾದ ಬೆಳಗ್ಗೆ ರಮಾಮಣಿ ನನ್ನ ಬಾಗಿಲು ತಟ್ಟಿದರು. "ರತ್ನಮ್ಮನವರೇ, ನಿಮಗೆ ಬಿಪಿ ತೋರಿಸ್ಬೇಕಿತ್ತಲ್ವಾ?"

"ಹೋದ ವಾರ ತಾನೇ ತೋರಿಸಿದ್ದು."

"ಇವತ್ತು ಜಾಸ್ತಿಯಾಗಿರತ್ತೆ ನಡೀರಿ."

ಆಸ್ಪತ್ರೆಗೆ ಹೋಗಿ ಗೋಡೆ ಪಕ್ಕದ ಕುರ್ಚಿಗಳಲ್ಲಿ ಗುರುತಿಲ್ಲದವರಂತೆ ಕೂತೆವು. ವಿಂಧ್ಯಾ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೌಂಟರಿನ ಹಿಂದಿದ್ದಳು. ನಮ್ಮ ಕಡೆ ನೋಡಲೇಬಾರದು ಎಂದು ಕತ್ತನ್ನು ಬಿಗಿಯಾಗಿ ಆಚೆ ತಿರುಗಿಸಿಕೊಂಡಿದ್ದಳು. ರೋಹಿತ್ ಹಿಂದೆ ನಿಂತಿದ್ದ, ಚಿಕ್ಕ ವಯಸ್ಸಿನವನು, ಒರಟನೇನಲ್ಲ. ಹೆಸರು ಬರೆದುಕೊಂಡಳು, ಚೀಟಿ ಕೊಟ್ಟಳು, ಪ್ಲೀಸ್ ಸಿಟ್ ಎಂದಳು. ನನ್ನ ಬಿಪಿ ನಿಜವಾಗಿಯೂ ಏರಿರಬೇಕು.

ಆಗ ಒಳಗಿನಿಂದ ಒಬ್ಬ ಹಿರಿಯರು ಬಂದರು. ಆಪರೇಷನ್ನಿನ ಹಸಿರು ಗೌನು ಹಾಕಿದ್ದಾರೆ, ಕಂಕುಳಲ್ಲಿ ತಮ್ಮ ಪ್ಯಾಂಟು ಷರ್ಟು. ಕೇರಳದಿಂದ ಮಗನ ಮನೆಗೆ ಬಂದವರು, ಹರ್ನಿಯಾ ಆಪರೇಷನ್ನು. ಮಗ ಔಷಧಿ ತರಲು ಹೋಗಿದ್ದ. ಅವರಿಗೆ ಹಿಂದಿ ಬಾರದು. ಇಂಗ್ಲಿಷಿನಲ್ಲಿ, ನನಗೆ ಆಪರೇಷನ್ ಬೇಡ, ಆಟೋ ಕರೆಸಿ, ಮನೆಗೆ ಹೋಗುತ್ತೇನೆ ಎಂದರು. ನರ್ಸು ಹಿಂದೆಯೇ ಬಂದು ಗುಜರಾತಿಯಲ್ಲಿ ಏನೋ ಹೇಳಿದಳು. ಅವರು ಇನ್ನೂ ಜೋರಾಗಿ ಆಟೋ ಎಂದರು.

ವಿಂಧ್ಯಾ ಎದ್ದು ನಿಂತಳು. ಆಮೇಲೆ ಮಾಡಿದಳು ನೋಡಿ, ನಮ್ಮ ಚಾಪೆಯ ಮೇಲೆ ಕೂತವರು ಮಾತ್ರ ಮಾಡಬಹುದಾದ ಎಡವಟ್ಟು. ಅಷ್ಟು ಜನರ ನಡುವೆ ಕತ್ತು ಉದ್ದ ಮಾಡಿ ನನ್ನನ್ನು ಕೇಳಿದಳು: "ಅಮ್ಮಾಜೀ, ಆಪ್ ವಾಲಾ ಲೇ ಲೂಂ?"

ನಿಮ್ಮದನ್ನು ತಗೊಳ್ಳಲಾ ಎಂದು. ಕುರ್ಚಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಪಕ್ಕದವರೊಬ್ಬರು ನನ್ನ ಕೈಚೀಲವನ್ನು ನೋಡಿದರು. ರಮಾಮಣಿ ಹಣೆ ಚಚ್ಚಿಕೊಂಡರು. ನನಗೆ ಬೇರೇನೂ ತೋಚದೆ, "ತಗೊಳ್ಳೇ ತಾಯಿ" ಎಂದು ಕನ್ನಡದಲ್ಲೇ ಅಂದೆ.

"ಸರ್, ಯು ಗಾಟ್ ಕೋಲ್ಡ್ ಫೀಟ್" ಎಂದಳು ವಿಂಧ್ಯಾ.

ಅವರು ಹುಬ್ಬು ಗಂಟಿಕ್ಕಿ, "ಯೆಸ್, ಐ ಹ್ಯಾವ್" ಎಂದರು. ಒಪ್ಪಿಕೊಂಡ ಮೇಲೆ ಅವರ ದನಿಯೇ ಇಳಿಯಿತು.

ನಮ್ಮ ಕ್ರಮದ ಪ್ರಕಾರ ಮಾತು ತನ್ನದಾಗಬೇಕಾದರೆ ತನಗೆ ನಡೆದದ್ದು ಹೇಳಬೇಕಲ್ಲ. ಅವಳು ಹೇಳಿದಳು. ಕೌಂಟರು ಬಿಟ್ಟು ಈಚೆ ಬಂದು, ಅವರನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತು, ಮುರುಕು ಇಂಗ್ಲಿಷಿನಲ್ಲಿ. ನನಗೆ ಅರ್ಧ ತಿಳಿಯಿತು, ಅರ್ಧ ರಮಾಮಣಿ ಕಿವಿಯಲ್ಲಿ ಹೇಳಿದರು. ಸೂರತ್ತಿನಲ್ಲಿ ಹೆರಿಗೆ ನೋವು ಶುರುವಾಗಿ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳಂತೆ. ಮಂಚ ಕೊಟ್ಟರು, ಗೌನು ಕೊಟ್ಟರು. ಒಳಗೆ ಯಾರೋ ಕಿರುಚಿದ್ದು ಕೇಳಿ ಎದ್ದು ಗೇಟು ದಾಟಿ ಬಂದು ಕಬ್ಬಿನ ಹಾಲಿನ ಗಾಡಿಯ ಪಕ್ಕ ಕೂತುಬಿಟ್ಟಳು. ಗಾಡಿಯವನು ಏನೂ ಕೇಳದೆ ಒಂದು ಲೋಟ ಕೊಟ್ಟ, ಶುಂಠಿ ಹಾಕಿ. ಕುಡಿದು ಮುಗಿಸುವ ತನಕ ಕಾದ. ಆಮೇಲೆ, ನಾನೂ ಬರ್ತೀನಿ ನಡಿ ತಂಗಿ ಎಂದು ಗಾಡಿ ಬಿಟ್ಟು ಬಾಗಿಲ ತನಕ ಬಂದ. "ಐ ವೆಂಟ್ ಇನ್‌ಸೈಡ್, ಸರ್. ಮೈ ಡಾಟರ್ ಕಮ್."

ಇದನ್ನು ಅವಳು ನಮಗೆ ಯಾರಿಗೂ ಹೇಳಿರಲಿಲ್ಲ.

ಹಿರಿಯರು ತಮ್ಮ ಪಾದಗಳನ್ನು ನೋಡಿಕೊಂಡರು. "ವಿಲ್ ಯು ಕಮ್ ಅಪ್ ಟು ದ ಡೋರ್?" ಎಂದರು. ಪ್ಯಾಂಟು ಷರ್ಟನ್ನು ಅವಳ ಕೈಗೆ ಕೊಟ್ಟು ಎದ್ದರು. ಇಬ್ಬರೂ ಒಳಗೆ ಹೋದರು.

ಇತ್ತ ಕೌಂಟರಿನಲ್ಲಿ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತ್ತು. ಸಾಲು ಬಾಗಿಲಾಚೆ ಹೋಗಿತ್ತು. ವಿಂಧ್ಯಾ ತಿರುಗಿ ಬರುವ ಹೊತ್ತಿಗೆ ರೋಹಿತ್ ತಾನೇ ಚೀಟಿ ಬರೆಯುತ್ತಿದ್ದ. "ವಿಂಧ್ಯಾಬೆನ್, ಕೌಂಟರ್ ಬಿಟ್ಟು ಹೋದ್ರೆ ಹೇಗೆ?" ಎಂದ. ಅವನ ಮಾತೂ ಸರಿಯೇ. ಕೌಂಟರಿನ ಕೆಲಸ ಮರುದಿನ ಬಂದ ಪದವೀಧರೆ ಹುಡುಗಿಗೆ ಹೋಯಿತು.

ಆ ಸಂಜೆ ವಿಂಧ್ಯಾ ನಮ್ಮ ವರಾಂಡದಲ್ಲಿ ಮಗುವಿನ ಬಟ್ಟೆ ಮಡಚುತ್ತಾ ಕೂತಿದ್ದಳು. ಅಳಲಿಲ್ಲ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ನಾನು ಚಹಾ ಕೊಟ್ಟೆ, ಹಾಗೇ ಆರಿತು.

ಶುಕ್ರವಾರ ಆಸ್ಪತ್ರೆಯ ಸರ್ಜನ್ ಮೀರಾಬೆನ್ ಅವಳನ್ನು ಕರೆಸಿದರು. ಆ ಹಿರಿಯರು ಮನೆಗೆ ಹೋಗುವ ಮೊದಲು ಎಲ್ಲ ಹೇಳಿದ್ದರಂತೆ. ಹೀಗೆ ಬಾಗಿಲ ತನಕ ಬಂದು ತಿರುಗಿ ಹೋಗುವವರು ಆಗಾಗ ಇರುತ್ತಾರೆ, ಆಪರೇಷನ್ ಥಿಯೇಟರಿನ ಹೊರಗೆ ಅವರ ಜೊತೆ ಕೂರಲು ಒಬ್ಬರು ಬೇಕು, ನೀನೇ ಕೂರು ಎಂದರು ಡಾಕ್ಟರು. ಸಂಬಳ ಆಯಾದ್ದೇ. ಆದರೆ ಆಪರೇಷನ್‌ಗಳೆಲ್ಲ ಹಗಲು ಹೊತ್ತು.

ಅಲ್ಲಿಂದ ಸೀದಾ ನಮ್ಮಲ್ಲಿಗೆ ಬಂದು, ಚಪ್ಪಲಿಯನ್ನೂ ಬಿಡದೆ ಅತ್ತೆಗೆ ಫೋನು ಮಾಡಿದಳು. ಸ್ಪೀಕರ್ ಹಾಕಿದಳು, ನಮಗೂ ಕೇಳಲಿ ಎಂದೋ, ಒಬ್ಬಳೇ ಮಾತಾಡಲು ಅಳುಕಿಯೋ.

"ಭಾನುವಾರ ಯಾವ ರೈಲು?" ಎಂದರು ಅತ್ತೆ.

"ಯಾವ ರೈಲೂ ಇಲ್ಲ ಅಮ್ಮಾ. ನನಗೆ ಹಗಲು ಕೆಲಸ ಸಿಕ್ಕಿದೆ. ಮಗು ನನ್ನ ಹತ್ರಾನೇ ಇರ್ತಾಳೆ."

ಆ ಕಡೆ ಎಮ್ಮೆಯ ಕೂಗು ಕೇಳಿಸಿತು. "ದೊಡ್ಡ ಆಫೀಸರ್ ಆಗ್ಬಿಟ್ಯಾ?"

"ಇಲ್ಲಮ್ಮಾ. ಹೆದರಿಕೊಂಡವರ ಜೊತೆ ಬೆಂಚಿನ ಮೇಲೆ ಕೂರೋದು."

"ಕೂರೋದಕ್ಕೂ ಸಂಬಳ ಕೊಡ್ತಾರಾ ನಿಮ್ಮ ಗುಜರಾತಲ್ಲಿ? ಹಾಗಾದ್ರೆ ನಿನ್ನ ಮಾವನ್ನೂ ಕಳಿಸ್ತೀನಿ, ಕೂತೇ ಇದ್ದಾರೆ." ಆಮೇಲೆ, "ಮಗೂಗೆ ಕೊಡು" ಎಂದರು.

ನಮ್ಮಲ್ಲೇ ಆಡುತ್ತಿದ್ದ ಪ್ರಾರ್ಥನಾ ಫೋನನ್ನು ಎರಡು ಕೈಯಲ್ಲಿ ಹಿಡಿದು ಅಜ್ಜಿಗೆ ಹೇಳಿದಳು. "ದಾದಿ, ನಾನು ದೀಪಾವಳಿಗೆ ಬರ್ತೀನಿ. ಅಮ್ಮನ ಜೊತೆ ಬಂದು ಅಮ್ಮನ ಜೊತೆಗೇ ವಾಪಸ್."

"ಬಾ ಬಾ. ನಿಮ್ಮಮ್ಮನಿಗೂ ಹೇಳು, ರಜಾ ಜಾಸ್ತಿ ಹಾಕಲಿ" ಎಂದಿತು ಆ ಕಡೆಯ ದನಿ. ವಿಂಧ್ಯಾ ಆಗ ಬಾಗಿ ಚಪ್ಪಲಿ ಬಿಚ್ಚಿದಳು.