ಅವಧಿ ಮುಗಿದ ತವರು

ಈ ಬೆಳಿಗ್ಗೆ ನಾಗರಪಂಚಮಿಯ ಉಂಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಸಿಪ್ಪೆ ಕಪ್ಪಾಗುವ ಹೊತ್ತಿಗೆ ಬಾಣಲೆಯಿಂದ ಒಂದು ವಾಸನೆ ಏಳುತ್ತದೆ, ನಿಮಗೂ ಗೊತ್ತಿರುತ್ತದೆ. ಆ ವಾಸನೆ ಬಂತೆಂದರೆ ನನಗೆ ಅವ್ವನ ಹಾಡು ಬೇಕು. ಕೈ ತಾನಾಗಿಯೇ ಫೋನಿನತ್ತ ಹೋಯಿತು. ವರ್ಷಗಳ ರೂಢಿ. ಮೊದಲು ಒಂದು ಗುರುತು ಒತ್ತಿ ನಾಚಾರಂನ ತವರುಮನೆ ಸೇರಬೇಕು, ಆಮೇಲೆ ಇನ್ನೊಂದನ್ನು ಒತ್ತಿ ಹಾಡು ಹಾಕಬೇಕು. ಒತ್ತುವ ಮೊದಲೇ ನೆನಪಾಯಿತು: ಈಗ ನಾಚಾರಂನ ಹಂಗಿಲ್ಲ, ಹಾಡುಗಳೆಲ್ಲ ನನ್ನ ಬಳಿಯೇ ಇವೆ. ಇದು ಸಂತೋಷದ ಸುದ್ದಿಯೆಂದು ನಿಮಗನಿಸಬಹುದು. ಸ್ವಲ್ಪ ತಾಳಿ.

ಅಪ್ಪ ಸೇಡಂ ಕಡೆಯಿಂದ ಬಂದು ಹೈದರಾಬಾದಿನ ನಾಚಾರಂನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆದವನು. ಬೀಡಿಯಿಲ್ಲ, ಇಸ್ಪೀಟಿಲ್ಲ, ಇದ್ದ ಒಂದೇ ಚಟವೆಂದರೆ ಕೋಠಿ ಬಜಾರಿನಲ್ಲಿ ಕೊಂಡ ಟೇಪ್‌ರೆಕಾರ್ಡರ್. ಉಳಿದವರ ಮನೆಯಲ್ಲಿ ಅದರೊಳಗೆ ಸಿನಿಮಾ ಹಾಡಿರುತ್ತಿತ್ತು, ನಮ್ಮಲ್ಲಿ ಅವ್ವ ಇರುತ್ತಿದ್ದಳು. ಅವಳು ರೊಟ್ಟಿ ಬಡಿಯುತ್ತ ಹಾಡಿಕೊಳ್ಳುವಾಗ ಅಪ್ಪ ಬಾಗಿಲ ಮರೆಯಲ್ಲಿ ಕುಳಿತು ಸದ್ದಿಲ್ಲದೆ ಗುಂಡಿ ಒತ್ತುತ್ತಿದ್ದ. ಅವಳಿಗೆ ಗೊತ್ತಾದರೆ ಹಾಡು ನಿಂತು ಬೈಗುಳ ಶುರು. "ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಬಂದ್ ಮಾಡ್ರಿ ಅದನ್ನ!" ಆ ಬೈಗುಳವೂ ಟೇಪಿನಲ್ಲಿದೆ. ಹಾಡಿನ ನಡುವೆ ಬಾಗಿಲಿಗೆ ಬಂದ ಹಾಲಿನವನಿಗೆ "ಈ ರೋಜು ವದ್ದು ಬಾಬು, ರೇಪು ರಾ" ಎಂದು, ಇವತ್ತು ಬೇಡ ನಾಳೆ ಬಾ ಅಂತ, ತೆಲುಗಿನಲ್ಲಿ ಹೇಳಿ ಕಳಿಸಿದ್ದೂ ಇದೆ. ತೆಲುಗು ಆಡುವಾಗ ಅವಳ ದನಿ ಸಣ್ಣದಾಗುತ್ತಿತ್ತು, ಬಾಡಿಗೆ ಮನೆಯಲ್ಲಿ ನಡೆದಾಡಿದಂತೆ. ಮತ್ತೆ ಹಾಡಿಗೆ ಬಂದಾಗ ತುಂಬಿಕೊಳ್ಳುತ್ತಿತ್ತು. ದೊಡ್ಡ ಕಂಠವೇನಲ್ಲ, ಮೇಲಕ್ಕೆ ಹೋದರೆ ಒಡೆಯುತ್ತಿತ್ತು. ಒಡೆಯುವ ಜಾಗಗಳೆಲ್ಲ ನನಗೆ ಬಾಯಿಪಾಠ.

ನಮ್ಮ ಕಡೆ ಪಂಚಮಿಗೆ ತವರಿನವರು ಬಂದು ಮಗಳನ್ನು ಕರೆದೊಯ್ಯಬೇಕು. ಅವಳಾಗಿ ಹೋಗುವುದಲ್ಲ, ಕರೆಯಿರೆಂದು ಕೇಳುವುದಂತೂ ಇಲ್ಲವೇ ಇಲ್ಲ. ನಾನು ಮದುವೆಯಾಗಿ ಬಂದದ್ದು ಇದೇ ಹೈದರಾಬಾದಿನ ಲಿಂಗಂಪಲ್ಲಿಗೆ. ಆದರೂ ತಮ್ಮ ಶರಣು ಪ್ರತಿವರ್ಷ ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಿದ್ದ. "ಒಂದಽ ಊರಾಗ ಇದ್ದು ಇದೆಂಥಾ ಕರಿಯೂದು? ಆಟೊ ಹತ್ತಿದ್ರ ಮುಗೀತು" ಎಂದು ನಮ್ಮ ಯಜಮಾನರು ನಗುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಲೋಕಲ್ ರೈಲಿನಲ್ಲಿ ಎದುರುಬದುರು ಕುಳಿತು ಅಕ್ಕ ತಮ್ಮ ಸಿಕಂದರಾಬಾದಿನವರೆಗೂ ಜಗಳವಾಡುತ್ತ ಹೋಗುತ್ತಿದ್ದೆವು. ತಿರುಗಿ ಬರುವಾಗ ಅವ್ವ ಅಕ್ಕಿ, ಕೊಬ್ಬರಿ, ಖಣ ಇಟ್ಟು ಉಡಿ ತುಂಬುತ್ತಿದ್ದಳು. ಆ ಸೆರಗಿನ ಗಂಟು ಹಿಡಿದು ರೈಲಿನಲ್ಲಿ ನಿಲ್ಲುವುದು ಭಾರಿ ಕಷ್ಟ. ಹಾಗೆ ಕಷ್ಟಪಡುವುದೇ ನನಗೆ ದೊಡ್ಡ ಜಂಬವಾಗಿತ್ತು.

ಅಪ್ಪ ಮೊದಲೇ ತೀರಿಹೋಗಿದ್ದ. ಅವ್ವನೂ ಹೋದ ಮೇಲಿನ ಮೊದಲ ಪಂಚಮಿಗೆ ಶರಣು ಎಂದಿನಂತೆ ಬಂದ. ಅವನು ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು. ಅಪ್ಪ ತುಂಬಿಸಿಟ್ಟ ಕ್ಯಾಸೆಟ್‌ಗಳಲ್ಲಿ ಅರ್ಧ ನನ್ನ ಟ್ರಂಕಿನಲ್ಲಿದ್ದವು. ಮದುವೆಯಾದಾಗ ಅಪ್ಪನೇ ಕೊಟ್ಟದ್ದು.

"ಅವನ್ನ ಕೊಡಕ್ಕಾ. ಬೂಷ್ಟು ಹಿಡದು ಹಾಳಾಗತಾವ. ನಾ ಎಲ್ಲಾ ಕಂಪ್ಯೂಟರಿಗೆ ಇಳಿಸಿ ಒಂದಽ ಕಡೆ ಇಡ್ತೀನಿ" ಎಂದ.

ಕೊಟ್ಟೆ. ಅವನು ನಿಜಕ್ಕೂ ಕೂತು ಎಲ್ಲವನ್ನೂ ಇಳಿಸಿದ. ನಾಚಾರಂ ಮನೆಯ ಟಿವಿಯ ಕೆಳಗೆ ಕರಿಯ ಡಬ್ಬಿಯೊಂದನ್ನಿಟ್ಟು, ಹಾಡೆಲ್ಲ ಇದರೊಳಗಿವೆ, ಇದೇ ಮ್ಯೂಸಿಕ್ ಸರ್ವರ್ ಎಂದ. ನನ್ನ ಫೋನಿಗೆ ಮೆಶ್ ವಿಪಿಎನ್ ಎಂಬುದನ್ನು ಹಾಕಿದ. ಅದೇನಪ್ಪ ಎಂದರೆ ಚೆನ್ನಾಗಿಯೇ ತಿಳಿಸಿ ಹೇಳಿದ: "ನನ್ನ ಫೋನು, ಟಿವಿ, ಈ ಡಬ್ಬಿ, ನಿನ್ನ ಫೋನು, ಎಲ್ಲಾ ಒಂದಽ ಓಣ್ಯಾಗ ಇದ್ದಂಗ. ಹೊರಗಿನವರಿಗೆ ಈ ಓಣಿ ಕಾಣೂದಿಲ್ಲ. ನೀ ಲಿಂಗಂಪಲ್ಲ್ಯಾಗ ಇರು, ದಿಲ್ಲ್ಯಾಗ ಇರು, ನಮ್ಮ ಓಣ್ಯಾಗಽ ಇರ್ತಿ." ನನಗೆ ಕಣ್ಣು ತುಂಬಿ ಬಂತು. ತಮ್ಮ ಎಂದರೆ ಹೀಗಿರಬೇಕು ಎಂದುಕೊಂಡೆ.

ಮರುವರ್ಷ ಪಂಚಮಿಗೆ ಅವನು ಬರಲಿಲ್ಲ, ಫೋನು ಬಂತು. "ಟ್ರಾಫಿಕ್ ಭಾಳ ಐತಕ್ಕಾ. ಕರಿಯಾಕ ಬ್ಯಾರೆ ಬರಬೇಕೇನು? ದಿನಾ ನಮ್ಮ ಓಣ್ಯಾಗಽ ಇರ್ತಿಯಲ್ಲ!" ಅವನು ನಕ್ಕ. ನಾನೂ ನಕ್ಕೆ, ಅಕ್ಕಂದಿರು ಇಂಥ ಕಡೆ ನಕ್ಕೇ ಬಿಡುತ್ತಾರೆ. ಅದರ ಮುಂದಿನ ವರ್ಷ ಫೋನೂ ಇಲ್ಲ. ಉಂಡಿಯ ಫೋಟೊ ಬಂತು.

ನಾನೇನು ಸುಮ್ಮನಿದ್ದೆನೆ? ಪಕ್ಕದ ಮನೆಯ ತೆಲುಗಿನಾಕೆಗೆ ನನ್ನ ತವರು ಫೋನಿನಲ್ಲೇ ಇದೆಯೆಂದು ಡಂಗುರ ಹೊಡೆದುಕೊಂಡೆ. ತರಕಾರಿ ತರುವಾಗ, ರೈಲಿಗೆ ಕಾಯುವಾಗ, ಎಲ್ಲೆಲ್ಲೂ ಕಿವಿಯಲ್ಲಿ ಅವ್ವ. ಇಷ್ಟೆಲ್ಲ ಸಿಕ್ಕ ಮೇಲೆ ಕರೆಯಲು ಬರಲಿಲ್ಲವೆಂದು ಮುಖ ಊದಿಸಿಕೊಂಡರೆ ಜನ ನಗುವುದಿಲ್ಲವೇ? ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪಂಚಮಿಯ ದಿನ ಮಾತ್ರ ಬಾಗಿಲ ಗಂಟೆ ಬಡಿದಾಗಲೆಲ್ಲ ಎದ್ದು ಓಡುತ್ತಿದ್ದೆ. ಬಂದವರು ಕೊರಿಯರಿನವರು.

ಹೋದ ತಿಂಗಳು ಬ್ಯಾಂಕಿನಲ್ಲಿ ಸಾಲು ನಿಂತಿದ್ದಾಗ ಹಾಡು ಅರ್ಧಕ್ಕೇ ನಿಂತಿತು. ಈ ಫೋನಿನ ಅವಧಿ ಮುಗಿದಿದೆ, ಮತ್ತೆ ಒಪ್ಪಿಗೆ ಬೇಕು ಎಂದು ಪರದೆಯ ಮೇಲೆ ಬಂತು. ಒಪ್ಪಿಗೆ ಕೊಡಬೇಕಾದವನು ಶರಣು. ಅವನೇ ಗಮನಿಸಿಯಾನೆಂದು ಕೆಲವು ದಿನ ಕಾದೆ. ಗಮನಿಸಲಿಲ್ಲ. ಕೊನೆಗೆ ನಾನೇ ಫೋನು ಮಾಡಿದೆ.

"ಅಯ್ಯ, ಮರತೆನಕ್ಕಾ. ಅವಧಿ ಮುಗಿಯೂದರಾಗ ನಾನಽ ಮುಂದ ಹಾಕ್ತಿದ್ದೆ. ಈ ಸಲ ಕೆಲಸದಾಗ ಬಿಟ್ಟುಹೋತು."

"ನಿನ್ನ ಫೋನಿಗೂ ಹಿಂಗಽ ಅವಧಿ ಐತೇನು?"

"ಇಲ್ಲ. ಮನೀ ಸಾಮಾನಿಗೆ ಅವಧಿ ಇಟ್ಟಿಲ್ಲ. ಹೊರಗಿನ ಫೋನಿಗಷ್ಟಽ."

"ಟಿವಿಗೆ?"

"ಟಿವಿ ಮನ್ಯಾಗಽ ಇರತೈತಲ್ಲಕ್ಕಾ, ಅದಕ್ಯಾಕ ಅವಧಿ?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ಹೊರಗೆ ತಿರುಗುವ ಫೋನು ಕಳೆದುಹೋಗಬಹುದು, ಕಂಡವರ ಕೈಗೆ ಸಿಗಬಹುದು, ಅದಕ್ಕೇ ಅವಧಿ ಎಂದು ಸಮಾಧಾನವಾಗಿ ತಿಳಿಸಿದ. ಅವನ ಪ್ರತಿಯೊಂದು ಮಾತೂ ಸರಿಯಾಗಿತ್ತು. ಅದಕ್ಕೇ ನನಗೆ ಅಷ್ಟು ಉರಿಯಿತು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಮೊನ್ನೆ ಮೊನ್ನೆ ತಂದ ಟಿವಿ ಒಳಗಿನದು, ನಾನು ಹೊರಗಿನವಳು.

"ಈಗ ಒಪ್ಪಿಗಿ ಕೊಡ್ಲೇನು?" ಎಂದ.

"ಬ್ಯಾಡ. ನನ್ನ ಕ್ಯಾಸೆಟ್ ತಿರುಗಿ ಕೊಡು."

"ಕ್ಯಾಸೆಟ್ ಎಲ್ಲ್ಯಾವಕ್ಕಾ? ಮನಿಗೆ ಬಣ್ಣ ಹಚ್ಚಿಸಿದಾಗ ಗುಜರಿಗೆ ಹಾಕಿದ್ವಿ. ಎಲ್ಲಾ ಡಬ್ಬಿಯೊಳಗ ಐತಲ್ಲ!"

ಕ್ಯಾಸೆಟ್‌ಗಳ ಮೇಲೆ ಅಪ್ಪನ ಸೊಟ್ಟ ಅಕ್ಷರಗಳಿದ್ದವು. ಅವನ್ನು ಯಾವ ಕಂಪ್ಯೂಟರಿಗೂ ಯಾರೂ ಇಳಿಸಿರಲಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ. "ಹಂಗಾದ್ರ ಹಾಡೆಲ್ಲಾ ನಕಲು ಮಾಡಿ ಕೊಡು. ನಾನಽ ಬಂದು ಒಯ್ತೀನಿ" ಎಂದಷ್ಟೇ ಹೇಳಿದೆ.

"ನಕಲು ಯಾಕಕ್ಕಾ? ಬ್ಯಾರೆ ಆದಂಗ ಆಗಲಿಲ್ಲೇನು?"

ಅವನಿಗೂ ಹಾಗೆ ಅನಿಸಿತಲ್ಲ ಎಂದು ಒಂದು ಕ್ಷಣ ಮನಸ್ಸು ಕರಗಿತು. ನಕಲು ಕೇಳಬೇಕೆಂದು ನನಗೆ ಮೊದಲೇ ಹೊಳೆದಿರಲಿಲ್ಲವೆಂದು ತಿಳಿಯಬೇಡಿ. ನಮ್ಮ ಯಜಮಾನರು ಎಷ್ಟೋ ಸಲ ಹೇಳಿದ್ದರು. ಹಾಡು ಆ ಮನೆಯಲ್ಲಿರುವ ತನಕ ದಿನಕ್ಕೊಮ್ಮೆಯಾದರೂ ನಾನು ಆ ಮನೆಯ ಬಾಗಿಲು ತಟ್ಟಬೇಕು, ಅದೂ ತೆರೆಯಬೇಕು. ಆ ಒಂದೆಳೆ ಉಳಿದಿರಲಿ ಎಂದೇ ಕೇಳಿರಲಿಲ್ಲ. ಕರಗಿದ ಮನಸ್ಸು ಟಿವಿಯ ಮಾತು ನೆನಪಾಗಿ ಮತ್ತೆ ಗಟ್ಟಿಯಾಯಿತು.

ಕರೆಯದೆ ತವರಿಗೆ ಹೋದದ್ದು ಅದೇ ಮೊದಲು. ಶರಣುವಿನ ಹೆಂಡತಿ ಸುವರ್ಣಾ ಚಹಾ ಕೊಟ್ಟಳು, ಉಪ್ಪಿಟ್ಟು ಕೊಟ್ಟಳು. ಟಿವಿಯಲ್ಲಿ ತೆಲುಗು ಧಾರಾವಾಹಿ ನಡೆಯುತ್ತಿತ್ತು. ಅದರ ಕೆಳಗೆ ಡಬ್ಬಿಯಿಂದ ನನ್ನ ಪೆನ್‌ಡ್ರೈವಿಗೆ ಅವ್ವ ಇಳಿಯುತ್ತಿದ್ದಳು. ಧಾರಾವಾಹಿ ಮುಗಿಯುವ ಮೊದಲೇ ಅದು ಮುಗಿದುಹೋಯಿತು. ಇನ್ನು ಕೂರಲು ನೆಪವಿರಲಿಲ್ಲ. "ಕುಂಕುಮಾ ಹಚ್ಚಿಗೊಂಡು ಹೋಗ್ರಿ ಅಕ್ಕಾರ" ಎಂದು ಸುವರ್ಣಾ ಹಚ್ಚಿದಳು. ಉಡಿ ತುಂಬುವ ಮಾತು ಬರಲಿಲ್ಲ; ತಾನಾಗಿ ಬಂದವಳಿಗೆ ಯಾರು ತುಂಬುತ್ತಾರೆ? ಶರಣು ಆಟೊ ಬುಕ್ ಮಾಡಲೇ ಎಂದು ಕೇಳಿದ. ಬೇಡವೆಂದೆ. ರೈಲಿನಲ್ಲಿ ಹಿಡಿದುಕೊಳ್ಳಲು ಭಾರವೇನೂ ಇರಲಿಲ್ಲ, ಕೂರಲು ಜಾಗವೂ ಸಿಕ್ಕಿತು. ದಾರಿಯುದ್ದಕ್ಕೂ ಒಂದೇ ಯೋಚನೆ: ಹಾಡಿನ ನೆಪವೂ ಮುಗಿದ ಮೇಲೆ ಇವನು ಈ ಪಂಚಮಿಗೆ ನನ್ನನ್ನು ಕರೆಯುತ್ತಾನೋ ಇಲ್ಲವೋ?

ನಾಡಿದ್ದು ಪಂಚಮಿ. ಈಗ ಅಡುಗೆಮನೆಯ ಸ್ಪೀಕರಿನಲ್ಲಿ ಅವ್ವ ಯಾರ ಒಪ್ಪಿಗೆಯೂ ಇಲ್ಲದೆ ಹಾಡುತ್ತಿದ್ದಾಳೆ. ಉಂಡಿ ಕಟ್ಟುತ್ತಿರುವಾಗ ಫೋನು ಟಿಂಗ್ ಎಂದಿತು. ಶರಣುವಿನ ಹೆಸರು. ಕೈಯೆಲ್ಲ ಬೆಲ್ಲ, ಸೆರಗಿಗೆ ಒರೆಸಿಕೊಂಡೆ. ಎರಡು ಸಲ ಒಲ್ಲೆನೆಂದು ಮೂರನೆಯ ಸಲಕ್ಕೆ ಹೂಂ ಎನ್ನಬೇಕು ಎಂದೂ ನಿಶ್ಚಯಿಸಿಬಿಟ್ಟೆ. ಆಮೇಲೆ ತೆರೆದು ನೋಡಿದೆ.

"ಅಕ್ಕಾ, ನಿನ್ನ ಫೋನು ಇಲ್ಲಿ ಓಣಿ ಪಟ್ಟ್ಯಾಗ ಇನ್ನೂ ಹಂಗಽ ಕಾಣಾಕತ್ತೈತಿ. ಬಳಸೂದಿಲ್ಲ ಅಂದ್ರ ತೆಗೀಲೇನು?"

ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದನ್ನೆಲ್ಲ ಬರೆಯಬೇಕೆಂದು ಹೊರಟೆ. ಬರೆದೆ, ಅಳಿಸಿದೆ. ಕರೆಯೋ ಎಂದು ತಮ್ಮನಿಗೆ ಬರೆದು ಕೇಳುವಷ್ಟು ಇನ್ನೂ ಇಳಿದಿರಲಿಲ್ಲ ನಾನು.

"ತೆಗಿ" ಎಂದು ಕಳಿಸಿದೆ.

ಕೂಡಲೇ ಮೇಲೆತ್ತಿದ ಒಂದು ಹೆಬ್ಬೆರಳು ಬಂತು.