ಚೀಲದೊಳಗಿನ ಪುನುಗು

ಕಳೆದ ಸೋಮವಾರ ಬೆಳಗ್ಗೆ ನಾನು ಲಕ್ಷ್ಮೇಶ್ವರದಲ್ಲಿ, ಕಾಳಿನ ವ್ಯಾಪಾರಿ ಚನ್ನಬಸಪ್ಪನ ಅಂಗಡಿಯಲ್ಲಿ, ತಕ್ಕಡಿಯ ಎಡಕ್ಕೆ ನಿಂತಿದ್ದೆ. ಬಾಗಿಲು ಆಗಷ್ಟೇ ತೆರೆದಿತ್ತು. ಆ ಗೋಣಿಚೀಲ ನನ್ನ ಕಾಲಬುಡದಲ್ಲೇ ಇತ್ತು. ಸರಿಯಾಗಿ ಕಾಣಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಚೀಲದಲ್ಲಿ ಜೀವವಿತ್ತು. ಗೋದಾಮಿಗೆ ಇಲಿ ಹುಡುಕಿಕೊಂಡು ಬಂದ ಪುನುಗು ಬೆಕ್ಕು. ಚನ್ನಬಸಪ್ಪ ಅದನ್ನು ಹಿಡಿದು ಚೀಲಕ್ಕೆ ತುಂಬಿ ಚೀಲದ ಬಾಯಿ ಕಟ್ಟಿದ್ದ.

‘ಸರ, ಇದರ ಪುನುಗ ಮನಿದೇವ್ರಿಗೆ ಏರಿಸಿದ್ರ ಭಾಳ ಛಲೋ ಅಂತಾರ. ಹೆಂಗ ತಗೀತಾರ್ರಿ?’

ಪತ್ರಿಕೆಗೆ ಬರೆಯುವವನು ಗೊತ್ತಿಲ್ಲ ಅನ್ನುವುದುಂಟೆ? ಬಾಲದ ಬುಡದಲ್ಲಿ ಗ್ರಂಥಿ ಇರುತ್ತದೆ, ಕೆಣಕಿ ಹೆದರಿಸಿದರೆ ಹೆಚ್ಚು ಬಿಡುತ್ತದೆ, ಎಂದೆ. (ಎಲ್ಲೋ ಓದಿದ್ದೆ.)

ಪಕ್ಕದ ಅತ್ತರಿನ ಅಂಗಡಿಯ ದಾದಾಪೀರ ಬಂದು ಇಣುಕಿದ. ‘ನೀ ಅತ್ತರದಾಂವ, ಖರೆ ಏನ ಹೇಳಪಾ,’ ಎಂದ ಚನ್ನಬಸಪ್ಪ.

‘ನಂದೆಲ್ಲಾ ಬಾಟ್ಲಿ ಮಾಲ್ ಐತ್ರಿ. ಬಾಲ ಇರೋ ಅತ್ತರ ಇವತ್ತ ನೋಡಾಕತ್ತೀನಿ.’

ನಕ್ಕೆವು. ನಾನೂ ನಕ್ಕೆ.

ಕಾಳಿನ ಅಂಗಡಿಗಳಲ್ಲಿ ಚೂಪು ತುದಿಯ ಒಂದು ಕಬ್ಬಿಣದ ಕೊಳವೆ ಇರುತ್ತದೆ. ಚೀಲ ಬಿಚ್ಚದೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದು ನೋಡುತ್ತಾರೆ. ಚನ್ನಬಸಪ್ಪ ಅದನ್ನು ಎತ್ತಿಕೊಂಡ.

‘ಚುಚ್ಚಂಗಿಲ್ರಿ. ಸುಮ್ನ ಒತ್ತಿ ಅಂಜಸ್ತೀನಿ.’

ಅವನು ಸುಳ್ಳು ಹೇಳಲಿಲ್ಲ. ಮೊದಲು ಒತ್ತಿದ, ಅಷ್ಟೆ. ಒಳಗಿಂದ ಗುರುಗುಟ್ಟುವ ಸದ್ದು, ತಡೆಯಲಾರದ ನಾತ. ಪರಿಮಳ ಎಲ್ಲಿ? ಇನ್ನೊಮ್ಮೆ ಒತ್ತಲು ಹೋದ. ಈ ಸಲ ಕೈ ತನ್ನ ರೂಢಿಯಂತೆ ನಡೆಯಿತು. ಕೊಳವೆ ಒಳಗೆ ಹೋಯಿತು, ಹೊರಗೆ ಬಂತು, ಅವನು ಅದನ್ನು ಅಂಗೈ ಮೇಲೆ ಬಗ್ಗಿಸಿದ.

ರಕ್ತ.

ಬೇಡ ಎನ್ನಲು ನನಗೆ ಸಮಯವಿತ್ತು. ಗದಗ ಹೊಸ ಜಿಲ್ಲೆ ಆದಮೇಲೆ ಅರಣ್ಯ ಇಲಾಖೆಗೆ ತಿಳಿಸಲು ಧಾರವಾಡವೇ ಬೇಕಿಲ್ಲ, ಗದಗ ಸಾಕು. ಫೋನು ತಕ್ಕಡಿಯ ಪಕ್ಕದಲ್ಲೇ ಇತ್ತು. ನಾನು ಮೂಗು ಮುಚ್ಚಿಕೊಂಡು ನಿಂತಿದ್ದೆ.

ಚನ್ನಬಸಪ್ಪನ ತಾಯಿ ಗಂಗವ್ವ ಒಳಗಿಂದ ಬಂದು ಚೀಲ ಬಿಚ್ಚಿದಳು. ಬೆಕ್ಕು ಓಡಲಿಲ್ಲ. ನಾವು ನೋಡುತ್ತಿದ್ದಂತೆಯೇ ಸತ್ತಿತು.

‘ಕೈ ತೊಳಕೋ ಹೋಗಲೇ,’ ಎಂದಳು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. ‘ಇಷ್ಟೆಲ್ಲಾ ಗೊತ್ತಿದ್ದವ್ರಿಗೆ ಬ್ಯಾಡ ಅನ್ನೋದೊಂದು ಗೊತ್ತಿರಲಿಲ್ಲೇನ್ರಿ?’

ಹಿತ್ತಲಿನಲ್ಲಿ ಅದನ್ನು ಮಣ್ಣು ಮಾಡಲು ಎತ್ತಿಕೊಂಡು ಹೋದವನು ನಾನು. ನಾತ ಅಂಗಿಗೆ ಹತ್ತಿತು. ಪುನುಗಿನ ಗುಣವೇ ಅದು: ದಟ್ಟವಾಗಿದ್ದಾಗ ನಾತ, ತೆಳುವಾದಂತೆ ಪರಿಮಳ. ಒಗೆದು ಹಾಕಿದ ಅಂಗಿಯನ್ನು ನಿನ್ನೆ ಮಡಚುತ್ತಾ ಹೆಂಡತಿ ಕೇಳಿದಳು: ‘ಯಾವ ಅತ್ತರ್ರೀ ಇದು? ಛಲೋ ಐತಿ.’

ಅವಳಿಗೆ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಚನ್ನಬಸಪ್ಪ, ದಾದಾಪೀರ ಅಲ್ಲೇ ಇದ್ದಾರೆ. ನಾನು ಏನಾದರೂ ಕಡಿಮೆ ಮಾಡಿ ಬರೆದಿದ್ದರೆ, ಗಂಗವ್ವನೂ ಇದ್ದಾಳೆ, ಕೇಳಿ.