ಕೋನಿನ ಮೇಲೆ ಬರೆದ ಐದು ಹೆಸರು

ಕಳೆದ ವಾರ ಒಬ್ಬ ಹೆಂಗಸು ನನ್ನ ಮೆಡಿಕಲ್ ಶಾಪಿನ ಗಾಜಿನ ಮೇಲೆ ನೂಲು ಮುಗಿದ ರಟ್ಟಿನ ಕೋನ್ ಒಂದನ್ನು ಇಟ್ಟಳು. ಅದರ ಮೈಮೇಲೆ ತಮಿಳಿನಲ್ಲಿ ಐದು ಹೆಸರು, ಪಕ್ಕದಲ್ಲಿ ಮಾತ್ರೆಗಳ ಹೆಸರು. ಕೈಗೆತ್ತಿಕೊಂಡೆ. ಮಗ್ಗದ ಎಣ್ಣೆ, ಹತ್ತಿಯ ಧೂಳು ಕಲೆತ ವಾಸನೆ... ತಮಿಳು ಸೀಮೆಯ ಈ ಕರುಮತ್ತಂಪಟ್ಟಿಯಲ್ಲಿದ್ದ ನಾನು ಮನಸ್ಸಿನಲ್ಲೇ ಸೋಮನೂರಿನ ಆ ಹಳೆಯ ಔಷಧದಂಗಡಿಗೆ ಹೋಗಿಬಿಟ್ಟೆ.

ಈ ಕೆಲಸವನ್ನು ನನಗೆ ಕಲಿಸಿದವರು ಆ ಅಂಗಡಿಯ ಯಜಮಾನರು. ನಂಟಸ್ತಿಕೆ ಏನೂ ಇರಲಿಲ್ಲ. ನಮ್ಮಂತೆ ಮನೆಯಲ್ಲಿ ಕನ್ನಡ ಆಡುವವರೆಂದು ಮಾವ ಎನ್ನುತ್ತಿದ್ದೆ. ಬಲು ಸಿಡುಕರು. ಡಿಪ್ಲೊಮಾ ಮುಗಿಸಿ ಹೋದ ಮೊದಲ ದಿನವೇ, "ಡಬ್ಬಿ ಮೇಲಿರೋದು ಓದೋಕೆ ಬರುತ್ತೆ, ಸರಿ. ಎದುರಿಗೆ ನಿಂತಿರೋ ಮುಖ ಓದೋಕೆ ಬರುತ್ತಾ ಅಮ್ಮಣಿ?" ಎಂದಿದ್ದರು.

ಮಗ್ಗಕ್ಕೆ ನಾವು ತರಿ ಎನ್ನುತ್ತೇವೆ. ಓಡುವ ತರಿ ಬಿಟ್ಟು ಎಲ್ಲರೂ ಔಷಧಕ್ಕೆ ಬರಲಾದೀತೇ? ಡಾಕ್ಟರ ಚೀಟಿಗಳನ್ನು ಸುರುಳಿ ಮಾಡಿ ಕೋನಿನೊಳಗೆ ತುರುಕಿ, ಹೊರಗೆ ಹೆಸರು ಬರೆದು, ಒಂದೊಂದು ತರಿ ಶೆಡ್ಡಿನಿಂದ ಒಬ್ಬರನ್ನು ಅಂಗಡಿಗೆ ಕಳಿಸುವುದು ನಮ್ಮ ಕಡೆಯ ರೂಢಿ. ಒಂದು ಶೆಡ್ಡಿನಿಂದ ಬರುತ್ತಿದ್ದವನು ನನ್ನ ತಮ್ಮ. ಅವನ ಪಟ್ಟಿಯಲ್ಲಿ ಚೀಟಿಯಿಲ್ಲದೆ ಕೊಡಬಾರದ ಬಲವಾದ ನೋವಿನ ಮಾತ್ರೆಯೊಂದು ಇರುತ್ತಿತ್ತು. ಅದರ ಚೀಟಿ ಮಾತ್ರ ಪ್ರತಿ ಸಲವೂ "ನಾಳೆ ತರ್ತೀನಕ್ಕ." ದಿನವೆಲ್ಲ ನಿಂತು ದುಡಿಯುವವರು, ಕಾಲು ನೋಯದೆ ಇರುತ್ತದೆಯೇ ಎಂದುಕೊಂಡೆ. ಒಡಹುಟ್ಟಿದವನಲ್ಲವೇ, ಕೊಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಆ ವರ್ಷ ಕೂಲಿ ಹೆಚ್ಚಿಸಬೇಕೆಂದು ಮುಷ್ಕರ ನಡೆದು ತರಿಗಳೆಲ್ಲ ನಿಂತವು. ಆ ಸದ್ದಿಲ್ಲದೆ ಮಾತಾಡಲೂ ನಮಗೆ ಮುಜುಗರ. ಮೂರನೆಯ ವಾರ ತಮ್ಮ ಕೋನ್ ಹಿಡಿದು ಬಂದ. ಅವೇ ಐದು ಹೆಸರು, ಆ ನೋವಿನ ಮಾತ್ರೆ ಮಾತ್ರ ಇಮ್ಮಡಿ. ನಾನು ಕಪಾಟಿಗೆ ಕೈ ಹಾಕುವಷ್ಟರಲ್ಲಿ ಮಾವ ಎದ್ದು ಬಂದರು.

"ತರಿ ಓಡ್ತಿಲ್ಲ. ಇವರಿಗೆಲ್ಲ ಇಷ್ಟು ನೋವು ಎಲ್ಲಿಂದ ಬಂತು ತಂಬಿ?"

ತಮ್ಮ ಕೋನನ್ನು ಅಲ್ಲೇ ಬಿಟ್ಟು ಹೊರಟುಹೋದ. ಮಾವ ಅದನ್ನು ಹಿಡಿದುಕೊಂಡು ಆ ಐದೂ ಮನೆಗೆ ಹೋಗಿ ಕೇಳಿ ಬಂದರು. ಆ ಮಾತ್ರೆಯನ್ನು ಯಾರೂ ಕಂಡೇ ಇರಲಿಲ್ಲ.

"ಅವನು ನನ್ನ ತಮ್ಮ ಮಾವ. ಮನೇಲೇ ನಾಲ್ಕು ಬಡಿದು ಬುದ್ಧಿ ಹೇಳ್ತೀವಿ, ಬಿಟ್ಟುಬಿಡಿ" ಎಂದು ಅಳುತ್ತ ಬೇಡಿಕೊಂಡೆ.

"ಇಲ್ಲಿ ಬಿಟ್ರೆ ಇನ್ನೊಂದು ಅಂಗಡಿಗೆ ಹೋಗ್ತಾನೆ. ಆಮೇಲೆ ಬಡಿಯೋಕೂ ಅವನು ಇರಲ್ಲ ಅಮ್ಮಣಿ."

ನನ್ನೆದುರಿಗೇ ಔಷಧ ನಿಯಂತ್ರಣ ಕಚೇರಿಗೆ ಫೋನ್ ಮಾಡಿ ತಮ್ಮನ ಹೆಸರು ಹೇಳಿದರು. ಚೀಟಿ ನೋಡದೆ ಕೊಟ್ಟವರು ಯಾರೆಂದು ಆ ಕಡೆಯಿಂದ ಕೇಳಿರಬೇಕು. "ನಾನೇ" ಎಂದರು. ಎರಡು ತಿಂಗಳು ಅಂಗಡಿಗೆ ಬೀಗ ಬಿತ್ತು. ತಮ್ಮನನ್ನು ಚಟ ಬಿಡಿಸುವ ಆಸ್ಪತ್ರೆಗೆ ಸೇರಿಸಿದೆವು.

ಕೈಮುಗಿಯಬೇಕಿದ್ದ ನಾನು ಹಲ್ಲು ಕಡಿದೆ. ಊರ ಮುಂದೆ ನಮ್ಮ ಮಾನ ಕಳೆದರೆಂದು ಕೆಲಸ ಬಿಟ್ಟೆ. ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸಿದೆ. ತಮ್ಮ ಗುಣವಾಗಿ ಮದುವೆಯಾದಾಗ ಅವರ ಮನೆಗೆ ಪತ್ರಿಕೆ ಕೊಡಲು ಬಿಡಲಿಲ್ಲ... ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಕೇಳಿ ಓಡಿಹೋಗಿ ಹೆಗಲು ಕೊಟ್ಟವನು ನನ್ನ ತಮ್ಮ. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಕೋನ್ ತಂದ ಹೆಂಗಸು ಇನ್ನೂ ಕಾಯುತ್ತಿದ್ದಳು. ಕೋನಿನ ಮೇಲೆ ಕೊನೆಯ ಹೆಸರಿನ ಪಕ್ಕ ಅದೇ ನೋವಿನ ಮಾತ್ರೆ.

"ಇದರ ಚೀಟಿ ಎಲ್ಲಿ?"

"ನಾಳೆ ತರ್ತಾರಂತೆ ಅಕ್ಕ."

"ಹಾಗಾದರೆ ನಾಳೆಯೇ ಕೊಡ್ತೀನಿ."

ಗೊಣಗುತ್ತ ಉಳಿದ ಔಷಧ ತೆಗೆದುಕೊಂಡು ಹೋದಳು. ಕೋನ್ ನನ್ನಲ್ಲೇ ಉಳಿಯಿತು. ಸಂಜೆ ಅದನ್ನು ಹಿಡಿದು ಆ ಕೊನೆಯ ಹೆಸರಿನವರ ಮನೆ ಹುಡುಕಿಕೊಂಡು ಹೊರಟೆ. ತಪ್ಪಾಯ್ತು ಮಾವ ಎಂಬ ಮಾತು ದಾರಿಯುದ್ದಕ್ಕೂ ಬಾಯಿಗೆ ಬರುತ್ತಲೇ ಇತ್ತು. ಕೇಳಿಸಿಕೊಳ್ಳಲು ಅವರಿರಲಿಲ್ಲ.